ಆದೋನಿ ನೀರಿನ ಕಸ

ಬೋರಿನ ಮೋಟರು ಸುಟ್ಟುಹೋದದ್ದೇ ಒಳ್ಳೆಯದಾಯಿತು ಎಂದು ಲಿಂಗಕ್ಕ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಆದರೆ ಆ ದಿನ ಬೆಳಗ್ಗೆ ಅದಕ್ಕೆ ಅವಳು ಹಾಕಿದ ಶಾಪ ಒಂದೆರಡಲ್ಲ. ಲ್ಯಾಬಿನ ನಲ್ಲಿಯಲ್ಲಿ ಹನಿ ನೀರಿಲ್ಲ, ಮುನಿಸಿಪಾಲಿಟಿ ನೀರು ಬರಲು ಇನ್ನೂ ಎರಡು ದಿನ, ಮೇಜಿನ ಮೇಲೆ ಹನ್ನೆರಡು ಜನರ ರಕ್ತ ಕಾದು ಕೂತಿದೆ. ಆಂಧ್ರದ ಗಡಿಯ ಈ ಆದೋನಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನವರಿಗೆ ರೋಗಿಗಳ ಕಾಟಕ್ಕಿಂತ ನೀರಿನ ಕಾಟ ದೊಡ್ಡದು. ಬೋರಿನ ನೀರು ಬಾಯಿಗೆ ಹಾಕಿದರೆ ಉಪ್ಪು, ಬಕೆಟ್ಟಿನಲ್ಲಿ ಇಟ್ಟರೆ ಸುಣ್ಣದ ಗೆರೆ. ಗಾಜಿನ ಸ್ಲೈಡಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಆ ನೀರಿನಲ್ಲಿ ತೊಳೆದರೆ ಬಣ್ಣವೇ ಒಡೆದು ನೇರಳೆ ಪುಡಿಯಾಗಿ ಗಾಜಿನ ತುಂಬ ಅಂಟಿಕೊಳ್ಳುತ್ತದೆ.

ಇಪ್ಪತ್ತಾರು ವರ್ಷದ ಹಿಂದೆ ಅವಳಿಗೆ ಈ ಕೆಲಸ ಕಲಿಸಿದ ಹಳೆಯ ಟೆಕ್ನಿಶಿಯನ್ ಕೊಟ್ರಬಸಪ್ಪ ಮೊದಲ ದಿನವೇ ಹೇಳಿದ್ದರು: "ಲಿಂಗಕ್ಕಾ, ಇದು ಆದೋನಿ ನೀರು. ಕಸ ಬಂದೇ ಬರತೈತಿ. ಕಸ ಬಿಟ್ಟು ಕಣ ನೋಡೋದು ಕಲಿ." ಲಿಂಗಕ್ಕ ಆರು ತಿಂಗಳಲ್ಲಿ ಕಲಿತಳು. ಆಮೇಲೆ ತನ್ನ ಕೈಕೆಳಗೆ ಬಂದ ಹುಡುಗಿಯರಿಗೆಲ್ಲ ಅದೇ ಮಾತನ್ನು, ಅದೇ ಗತ್ತಿನಲ್ಲಿ ಕಲಿಸಿದಳು. ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟರೆ ನೇರಳೆ ಪುಡಿ ಅವಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅದನ್ನೊಂದು ವಿದ್ಯೆ ಎಂದೇ ಅವಳು ತಿಳಿದಿದ್ದಳು.

ಆ ದಿನ ಬೇರೆ ದಾರಿ ಕಾಣದೆ ರಕ್ತಕಣ ಎಣಿಸುವ ಮಷೀನಿಗೆಂದು ಇಟ್ಟಿದ್ದ ಡಿಸ್ಟಿಲ್ಡ್ ನೀರಿನ ಕ್ಯಾನು ಬಿಚ್ಚಿದಳು. ತುರ್ತಿನ ಸ್ಲೈಡು ಒಂದಿತ್ತು. ರಸ್ತೆಯ ಆಚೆಗಿನ ನರ್ಸಿಂಗ್ ಹೋಮಿನಿಂದ ಬಂದ ರಕ್ತಕ್ಕೆ ಮಷೀನು ಪ್ಲೇಟ್‌ಲೆಟ್ ಇಪ್ಪತ್ತೊಂದು ಸಾವಿರ ಎಂದು ಬರೆದುಕೊಟ್ಟಿತ್ತು. ಐವತ್ತು ಸಾವಿರಕ್ಕಿಂತ ಕಡಿಮೆ ಬಂದರೆ ಮನುಷ್ಯರ ಕಣ್ಣೂ ಒಮ್ಮೆ ನೋಡಬೇಕೆಂಬುದು ನಿಯಮ. ಟ್ಯೂಬಿನ ಮೇಲೆ ಹೆಸರು: ಮಂಗಳಾ, ಇಪ್ಪತ್ತೈದು ವರ್ಷ, ಗೋನೆಗಂಡ್ಲ.

ಈ ಹೆಸರು ಲಿಂಗಕ್ಕನಿಗೆ ಹೊಸದಲ್ಲ. ಆರು ವರ್ಷಗಳಿಂದ, ಎರಡು ಮೂರು ತಿಂಗಳಿಗೊಮ್ಮೆ, ಹತ್ತಿರದ ಊರು ಗೋನೆಗಂಡ್ಲದಲ್ಲಿ ಡಿಗ್ರಿಯಿಲ್ಲದೆ ಔಷಧ ಕೊಡುವ ಆರ್‌ಎಂಪಿ ಡಾಕ್ಟರು ಐಸು ತುಂಬಿದ ಡಬ್ಬಿಯಲ್ಲಿ ಈ ಹುಡುಗಿಯ ರಕ್ತವನ್ನಿಟ್ಟು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದರು. ಒಂದೂವರೆ ಲಕ್ಷದ ಮೇಲಿರಬೇಕಾದ ಪ್ಲೇಟ್‌ಲೆಟ್ ಒಮ್ಮೆ ಹದಿನೆಂಟು ಸಾವಿರ, ಒಮ್ಮೆ ಇಪ್ಪತ್ತಾರು ಸಾವಿರ. ಪ್ಲೇಟ್‌ಲೆಟ್ ಇಲ್ಲದ ಮೈಯಲ್ಲಿ ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಲಿಂಗಕ್ಕ ರಿಪೋರ್ಟಿಗೆ ಸಹಿ ಹಾಕಿ ಸಂಜೆಯ ಬಸ್ಸಿಗೆ ಕೊಡುವಳು, 'ಪಾಪ' ಅನ್ನುವಳು, ಮುಂದಿನ ಟ್ಯೂಬಿಗೆ ಕೈ ಹಾಕುವಳು. ರಕ್ತ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ಸ್ಲೈಡು ಒಣಗಿತು. ಕಣ್ಣಿಟ್ಟಳು. ಗಾಜು ತೊಳೆದಿಟ್ಟ ತಟ್ಟೆಯಷ್ಟು ಸ್ವಚ್ಛವಾಗಿತ್ತು. ಎಲ್ಲಿಯೂ ಪುಡಿಯಿಲ್ಲ. ಆದರೆ ಬಿಳಿ ರಕ್ತಕಣದ ಸುತ್ತ ಮಾತ್ರ ನೇರಳೆ ಚುಕ್ಕೆಗಳು, ಬೆಲ್ಲದ ಚೂರಿಗೆ ಇರುವೆ ಮುತ್ತಿದ ಹಾಗೆ.

ನೀರು ಬದಲಾದರೂ ಈ ಕಸ ಹೋಗಿಲ್ಲವಲ್ಲ ಎಂದುಕೊಂಡಳು. ಸ್ಲೈಡನ್ನು ಸರಿಸಿದಳು. ಇನ್ನೊಂದು ಬಿಳಿಕಣ, ಅದರ ಸುತ್ತಲೂ ಚುಕ್ಕೆಗಳು. ಮತ್ತೊಂದು, ಅಲ್ಲಿಯೂ ಅಷ್ಟೇ. ಕೆಂಪು ಕಣಗಳ ಮೇಲೆ ಇಲ್ಲ, ಒಳಗಿನ ಬೀಜ, ಅಂದರೆ ನ್ಯೂಕ್ಲಿಯಸ್, ಗುಂಡಗಿರುವ ಇನ್ನೊಂದು ಜಾತಿಯ ಬಿಳಿಕಣದ ಮೇಲೆಯೂ ಇಲ್ಲ. ಸೋಂಕಿನ ಜೊತೆ ಹೊಡೆದಾಡುವ ಹೋಳು ಬೀಜದ ಬಿಳಿಕಣಗಳಿಗೆ ಮಾತ್ರ ಮುತ್ತಿವೆ. ಕಸಕ್ಕೆ ಭೇದಭಾವ ಗೊತ್ತಿಲ್ಲ, ಬಿದ್ದರೆ ಎಲ್ಲ ಕಡೆ ಬೀಳಬೇಕು. ಇವು ಕಸವಲ್ಲ. ಇವೇ ಪ್ಲೇಟ್‌ಲೆಟ್‌ಗಳು.

ನಾಲ್ಕು ವರ್ಷದ ಹಿಂದೆ ಕರ್ನೂಲಿನಲ್ಲಿ ಎರಡು ದಿನದ ತರಬೇತಿ ನಡೆದಿತ್ತು. ಮಧ್ಯಾಹ್ನ ಊಟವಾದ ಮೇಲೆ ಒಬ್ಬ ಪ್ರೊಫೆಸರು ಪ್ಲೇಟ್‌ಲೆಟ್ ಬಗ್ಗೆ ಮಾತಾಡಿದ್ದರು, ಲಿಂಗಕ್ಕ ಅರ್ಧ ತೂಕಡಿಸಿದ್ದಳು. ಪ್ಲೇಟ್‌ಲೆಟ್ ಬರೀ ಗಾಯಕ್ಕೆ ತೇಪೆ ಹಾಕುವುದಲ್ಲ. ಮೈಯೊಳಗೆ ಎಲ್ಲಾದರೂ ಉರಿಯೂತವಾದರೆ ಅವು ಬಿಳಿಕಣಗಳಿಗೆ ಅಂಟಿಕೊಂಡು, ಅವನ್ನು ಎಬ್ಬಿಸಿ, ನೋವಿರುವ ಕಡೆಗೆ ಕರೆದೊಯ್ಯುತ್ತವೆ ಎಂದಿದ್ದರು. ಇನ್ನೊಂದು ಮಾತನ್ನೂ ಹೇಳಿದ್ದರು. ಲಕ್ಷದಲ್ಲಿ ಎಲ್ಲೋ ಒಬ್ಬಿಬ್ಬರಿಗೆ ಇದು ಮೈಯೊಳಗಲ್ಲ, ಟ್ಯೂಬಿನೊಳಗೆ ಆಗುತ್ತದೆ. ರಕ್ತ ಗಟ್ಟಿಯಾಗದಿರಲೆಂದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹಾಕಿರುವ ಔಷಧಕ್ಕೇ ಅವರ ಪ್ಲೇಟ್‌ಲೆಟ್ ಬೆದರಿ ಬಿಳಿಕಣವನ್ನು ತಬ್ಬಿಕೊಳ್ಳುತ್ತದೆ. ಮಷೀನು ಎರಡನ್ನೂ ಸೇರಿಸಿ ಒಂದೇ ಬಿಳಿಕಣ ಎಂದು ಎಣಿಸುತ್ತದೆ. ಪ್ಲೇಟ್‌ಲೆಟ್ ಲೆಕ್ಕ ಪಾತಾಳಕ್ಕಿಳಿಯುತ್ತದೆ. ಆದರೆ ಆ ಮನುಷ್ಯನಿಗೆ ಏನೂ ಆಗಿರುವುದಿಲ್ಲ.

ಏನೂ ಆಗಿರುವುದಿಲ್ಲ. ಹಾಗಾದರೆ ಆರು ವರ್ಷ?

ಅದನ್ನು ಯೋಚಿಸಲು ಹೊತ್ತಿರಲಿಲ್ಲ. ಫೋನು ರಿಂಗಾಯಿತು. ನರ್ಸಿಂಗ್ ಹೋಮಿನ ಸರ್ಜನ್ ಡಾಕ್ಟರ್ ಸುಹಾಸಿನಿ.

"ಲಿಂಗಕ್ಕಾರ, ಗೋನೆಗಂಡ್ಲ ಪೇಷೆಂಟಿನ ಪ್ಲೇಟ್‌ಲೆಟ್ ಖಾತ್ರಿ ಆತೇನ್ರಿ? ಅಪೆಂಡಿಕ್ಸ್ ಒಡೆಯೋ ಹಂತಕ್ಕ ಬಂದೈತಿ. ಇಪ್ಪತ್ತೊಂದು ಸಾವಿರಕ್ಕ ನಾನು ಕತ್ತರಿ ಹಾಕಾಕ ಬರಂಗಿಲ್ಲ. ಕರ್ನೂಲಿಗೆ ಕಳಸ್ತೀನಿ. ಹನ್ನೆರಡಕ್ಕ ಆಂಬುಲೆನ್ಸ್ ಬರತೈತಿ."

ಗೋಡೆಯ ಗಡಿಯಾರದಲ್ಲಿ ಹತ್ತು ಐವತ್ತು. ಕರ್ನೂಲಿಗೆ ಎರಡೂವರೆ ತಾಸಿನ ದಾರಿ, ಅಲ್ಲಿ ಹೋಗಿ ಪ್ಲೇಟ್‌ಲೆಟ್ ಚೀಲ ಹುಡುಕಿ, ಏರಿಸಿ, ಆಮೇಲೆ ಆಪರೇಷನ್. ಒಡೆಯುವ ಕರುಳಿಗೆ ಅಷ್ಟು ತಾಳ್ಮೆ ಇರುತ್ತದೆಯೇ?

"ಮೇಡಂ, ಕಳಸಬ್ಯಾಡ್ರಿ. ನಾನು ಬರತೀನಿ," ಎಂದು ಲಿಂಗಕ್ಕ ಫೋನಿಟ್ಟಳು. ಕಾಲಿಗೆ ಚಪ್ಪಲಿ ಹಾಕಿಕೊಂಡದ್ದೂ ಅವಳಿಗೆ ನೆನಪಿಲ್ಲ.

ಮಂಗಳಾ ಮಂಚದ ಮೇಲೆ ಮೊಣಕಾಲು ಮಡಿಚಿ ಮುದುಡಿ ಮಲಗಿದ್ದಳು. ಮುಖ ಊದಿಕೊಂಡಿತ್ತು. ಅದು ಇಂದಿನ ಊತವಲ್ಲ, ಪ್ಲೇಟ್‌ಲೆಟ್ ಏರಲೆಂದು ವರ್ಷಗಟ್ಟಲೆ ಬಿಟ್ಟು ಬಿಟ್ಟು ನುಂಗಿದ ಸ್ಟೆರಾಯ್ಡ್ ಮಾತ್ರೆಯದು. ಆ ಮಾತ್ರೆಯ ಹೆಸರು ಲಿಂಗಕ್ಕನಿಗೆ ಗೊತ್ತಿತ್ತು, ಅದು ಮುಖಕ್ಕೆ ಏನು ಮಾಡುತ್ತದೆಂದೂ ಗೊತ್ತಿತ್ತು. ಪಕ್ಕದಲ್ಲಿ ತಾಯಿ ವೆಂಕಮ್ಮ, ಹೊಲದ ಬಿಸಿಲಿಗೆ ಸುಟ್ಟ ತೆಳ್ಳನೆಯ ಹೆಂಗಸು, ಮಗಳ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ಬೆರಳಿಂದ ಒಂದು ಹನಿ ಬೇಕು," ಎಂದು ಲಿಂಗಕ್ಕ ಸೂಜಿ ತೆಗೆದಳು. ಟ್ಯೂಬು ಬೇಡ, ಔಷಧ ಬೇಡ, ಬೆರಳಿನಿಂದ ನೇರ ಗಾಜಿಗೆ.

ವೆಂಕಮ್ಮ ಮಗಳ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡಕ್ಕಾ. ಮುಂಜಾನಿ ಒಮ್ಮೆ ತೂತು ಮಾಡ್ಯಾರ. ಆಕಿಗಿ ರಕ್ತ ನಿಲ್ಲಂಗಿಲ್ಲ."

"ನಿಲ್ಲತೈತಿ," ಎಂದಳು ಮಂಗಳಾ. ಕಣ್ಣು ಮುಚ್ಚಿಯೇ ಇದ್ದಳು. "ಚುಚ್ಚ್ರಿ."

ಲಿಂಗಕ್ಕ ಚುಚ್ಚಿದಳು, ಎರಡು ಸ್ಲೈಡು ಎಳೆದಳು, ಆಮೇಲೆ ರೂಢಿಯಂತೆ ವಾಚು ನೋಡಿದಳು. ಹನಿ ಮೂಡಿತು, ಒರೆಸಿದಳು. ಮತ್ತೆ ಮೂಡಿತು. ಒಂದು ನಿಮಿಷ ನಲವತ್ತು ಸೆಕೆಂಡಿಗೆ ನಿಂತಿತು. ಆರೋಗ್ಯವಂತ ಬೆರಳು ಹೇಗೆ ನಿಲ್ಲಿಸಬೇಕೋ ಹಾಗೆ.

ನೀಲಿ ಮುಚ್ಚಳದ ಟ್ಯೂಬಿನಲ್ಲಿ ಬೇರೆ ಔಷಧ ಇರುತ್ತದೆ, ಅದರಲ್ಲಿ ಪ್ಲೇಟ್‌ಲೆಟ್ ಅಂಟಿಕೊಳ್ಳುವುದು ಕಡಿಮೆ. ಅದರಲ್ಲೂ ಸ್ವಲ್ಪ ರಕ್ತ ತೆಗೆದುಕೊಂಡು ಓಡಿದಳು. ಹನ್ನೊಂದೂ ಇಪ್ಪತ್ತಕ್ಕೆ ಸರ್ಜನ್ ಲ್ಯಾಬಿಗೇ ಬಂದು ನಿಂತರು. ಮೂವತ್ತೈದು ದಾಟದ ಹೆಣ್ಣುಮಗಳು, ಬಳ್ಳಾರಿ ಕಡೆಯವರು, ಮಾತು ಕಡ್ಡಿ ಮುರಿದ ಹಾಗೆ.

"ಹೇಳ್ರಿ."

"ಬೆರಳಿನ ಸ್ಲೈಡಿನಾಗ ಪ್ಲೇಟ್‌ಲೆಟ್ ಬಿಡಿಬಿಡಿಯಾಗಿ ಅದಾವ ಮೇಡಂ. ಎಲ್ಲಿ ನೋಡಿದ್ರೂ ಹನ್ನೆರಡು, ಹದಿಮೂರು. ನನ್ನ ಅಂದಾಜಿಗಿ ಒಂದು ಲಕ್ಷ ತೊಂಬತ್ತು ಸಾವಿರ."

"ನೀಲಿ ಟ್ಯೂಬು?"

ಲಿಂಗಕ್ಕ ಮಷೀನಿನ ಚೀಟಿಯನ್ನು ಮುಂದೆ ಹಿಡಿದಳು. ಎಂಬತ್ತನಾಲ್ಕು ಸಾವಿರ. ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ.

ಡಾಕ್ಟರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು. "ಇಪ್ಪತ್ತೊಂದು, ಎಂಬತ್ತನಾಲ್ಕು, ಒಂದು ಲಕ್ಷ ತೊಂಬತ್ತು. ಮೂರರಾಗ ನಾನು ಯಾವುದನ್ನ ನಂಬ್ಲಿ? ನೀಲಿಯೊಳಗೂ ಸ್ವಲ್ಪ ಅಂಟಿರಬಹುದು. ಆದ್ರ ಆಕಿ ಮೈಯಾಗ ಈಗ ಬೆಂಕಿ ಐತಿ. ಜ್ವರ ನೂರಾ ಮೂರು. ಅಂಥಾ ಉರಿಯೂತದಾಗ ಪ್ಲೇಟ್‌ಲೆಟ್ ಖರೇನ ಬಿಳಿಕಣಕ್ಕ ಅಂಟತಾವು, ಅಂಟಿ ಅಂಟಿ ಖರ್ಚಾಗಿ ಹೋಗ್ತಾವು. ನೀವು ನೋಡಿದ್ದು ಟ್ಯೂಬಿನ ಆಟನೋ, ರೋಗದ ಆಟನೋ?"

"ಬೆರಳಿನಾಗ ಬಿಡಿಯಾಗಿ..."

"ಬೆರಳಿನ ಸ್ಲೈಡು ಕಣ್ಣಳತಿ ಅಕ್ಕಾ. ಕಣ್ಣಳತಿ ನಂಬಿ ಹೊಟ್ಟಿ ಕೊಯ್ಯಲೇನು? ಟೇಬಲ್ ಮ್ಯಾಲ ರಕ್ತ ನಿಲ್ಲದಿದ್ರ?" ಡಾಕ್ಟರ ದನಿ ಗಡುಸಾಗಿತ್ತು, ಆದರೆ ಅದರೊಳಗೆ ಬೇಡಿಕೆಯೂ ಇತ್ತು. "ಇದು ಆಕಿ ರಕ್ತದ ಸ್ವಭಾವನ ಆಗಿದ್ರ, ಜ್ವರ ಇಲ್ಲದಾಗೂ ಹಿಂಗ ಇರಬೇಕಲ್ಲ. ಆರಾಮಿದ್ದಾಗಿಂದು ಏನರ ಐತೇನ್ರಿ ನಿಮ್ಮ ಕಡೆ? ಒಂದು ಸ್ಲೈಡು?"

ಲಿಂಗಕ್ಕನ ಕಣ್ಣು ತಾನಾಗಿಯೇ ಕಬ್ಬಿಣದ ಬೀರುವಿನ ಕಡೆಗೆ ಹೋಯಿತು.

ಬೀರುವಿನೊಳಗೆ ಒಂದು ಮರದ ಪೆಟ್ಟಿಗೆ ಇತ್ತು. ಲ್ಯಾಬಿಗೆ ಬಂದ ಅಪರೂಪದ ರಕ್ತಗಳ ಸ್ಲೈಡುಗಳನ್ನು ಹೊಸ ಹುಡುಗಿಯರಿಗೆ ತೋರಿಸಲೆಂದು ಅವಳು ಕೂಡಿಟ್ಟಿದ್ದಳು. ಅದರಲ್ಲಿ ಮಂಗಳಾ ಹೆಸರಿನವು ಮೂರು. 'ಪ್ಲೇಟ್‌ಲೆಟ್ ತೀರಾ ಕಡಿಮೆ' ಎಂದು ತೋರಿಸಲು ಅವು ಚೆನ್ನಾಗಿದ್ದವು. ಗಾಜಿನ ಅಂಚಿಗೆ ತಾರೀಖು, ಹೆಸರು, ಕೊನೆಗೆ 'ಲಿಂ' ಎಂದು ತನ್ನ ಗುರುತನ್ನೂ ಅವಳೇ ಕೊರೆದಿದ್ದಳು.

ಬಾಗಿಲಲ್ಲಿ ಲ್ಯಾಬಿನ ಮಾಲೀಕ ಭೀಮಲಿಂಗಪ್ಪ ನಿಂತಿದ್ದ. ಹತ್ತಿ ವ್ಯಾಪಾರದ ಮನೆತನದವನು, ರಕ್ತದ ಬಗ್ಗೆ ಏನೂ ತಿಳಿಯದಿದ್ದರೂ ಹೆಸರಿನ ಬೆಲೆ ಚೆನ್ನಾಗಿ ಬಲ್ಲವನು. ಲಿಂಗಕ್ಕನ ನೋಟ ಎಲ್ಲಿಗೆ ಹೋಯಿತೆಂದು ಅವನಿಗೆ ಅರ್ಥವಾಯಿತು. ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: "ಬೆರಳಿಂದು ತೋರ್ಸೀರಿ, ನೀಲಿದೂ ತೋರ್ಸೀರಿ. ಇನ್ನು ಅವರಿಷ್ಟ. ಹೂತಿದ್ದನ್ನ ಯಾಕ ಅಗೀತೀರಿ ಅಕ್ಕಾ? ಆರು ವರ್ಷದ ರಿಪೋರ್ಟು. ನಾಳೆ ಊರಾಗ ಯಾರು ನಮ್ಮ ಕಾಗದ ನಂಬ್ತಾರ?"

ಅವನ ಮಾತು ಸುಳ್ಳಲ್ಲ. ಲಿಂಗಕ್ಕನಿಗೆ ಇನ್ನು ನಾಲ್ಕು ವರ್ಷದ ಕೆಲಸವಿತ್ತು. ಆದೋನಿಯಲ್ಲಿ ಅವಳ ಕಣ್ಣಿಗೆ ಒಂದು ಹೆಸರಿತ್ತು. ಅದನ್ನು ಬಿಟ್ಟರೆ ಅವಳ ಹತ್ತಿರ ಇನ್ನೇನಿತ್ತು? ಗಂಡನಿಲ್ಲ, ಮಕ್ಕಳಿಲ್ಲ, ಒಂದು ಮೈಕ್ರೋಸ್ಕೋಪು. ಅವಳು ನಿಂತಲ್ಲೇ ನಿಂತಳು. ಗಡಿಯಾರದ ಮುಳ್ಳು ಹನ್ನೊಂದೂವರೆ ದಾಟಿತು. ಹೊರಗೆ ಆಂಬುಲೆನ್ಸು ಬಂದು ನಿಂತ ಸದ್ದಾಯಿತು, ಹೇಳಿದ್ದಕ್ಕಿಂತ ಬೇಗ ಬಂದಿತ್ತು. ಆಚೆ ಬದಿಯಲ್ಲಿ ವೆಂಕಮ್ಮ ಮಗಳ ಬಟ್ಟೆಗಂಟನ್ನು ಎದೆಗವಚಿಕೊಂಡು ಹೊರಬರುವುದು ಕಿಟಕಿಯಲ್ಲಿ ಕಂಡಿತು.

ಲಿಂಗಕ್ಕ ಬೀರು ತೆಗೆದಳು.

ಮೂರು ಸ್ಲೈಡನ್ನೂ ಒಂದೊಂದಾಗಿ ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಹಳೆಯ ಸ್ಲೈಡುಗಳ ತುಂಬ ಬೋರಿನ ನೀರಿನ ಪುಡಿ. ಆದರೆ ಈಗ ಅವಳ ಕಣ್ಣಿಗೆ ಬೇರೆ ನೋಟ ಬಂದಿತ್ತು. ಪುಡಿ ಎಲ್ಲೆಂದರಲ್ಲಿ ಚೆಲ್ಲಿತ್ತು. ಆ ಪುಡಿಯ ನಡುವೆ, ಹೋಳು ಬೀಜದ ಪ್ರತಿ ಬಿಳಿಕಣದ ಸುತ್ತ, ಅಚ್ಚುಕಟ್ಟಾದ ಅದೇ ಉಂಗುರ. ಆರು ವರ್ಷದ ಹಿಂದೆಯೂ ಇತ್ತು. ಮೂರು ವರ್ಷದ ಹಿಂದೆಯೂ ಇತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವಳು ಕಂಡಿದ್ದಳು, ಪರಾಂಬರಿಸಿರಲಿಲ್ಲ.

"ನೋಡ್ರಿ ಮೇಡಂ," ಎಂದು ಪಕ್ಕಕ್ಕೆ ಸರಿದಳು. "ಈ ಎರಡು ಬರೇ ತಪಾಸಣಿಗಿ ಅಂತ ಚೀಟಿ ಬರದು ಕಳಿಸಿದ್ದು, ಆಕಿ ಪೂರಾ ಆರಾಮಿದ್ದಾಗಿನವು. ಜ್ವರ ಇಲ್ಲ, ಏನಿಲ್ಲ."

ಡಾಕ್ಟರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಸ್ಲೈಡನ್ನು ತಾವೇ ಸರಿಸಿ ಸರಿಸಿ ನೋಡಿದರು.

"ಕಸ ಎಲ್ಲಾ ಕಡೆ ಐತಿ. ಇದು ಮಾತ್ರ ಬಿಳಿಕಣದ ಸುತ್ತ," ಎಂದರು ತಮ್ಮಷ್ಟಕ್ಕೆ. ತಲೆಯೆತ್ತಿ ಕೇಳಿದರು: "ಆಗ ಇವನ್ನ ನೋಡಿದವರು ಯಾರು?"

"ನಾನ ರಿ."

ಡಾಕ್ಟರು ಬಾಗಿಲಿಗೆ ಹೋಗಿ, ಆಂಬುಲೆನ್ಸ್ ತಡೆದು ಥಿಯೇಟರ್ ಸಿದ್ಧ ಮಾಡುವಂತೆ ರಸ್ತೆಯಾಚೆ ನಿಂತಿದ್ದ ನರ್ಸಿಗೆ ತೆಲುಗಿನಲ್ಲಿ ಕೂಗಿದರು: "ಆಂಬುಲೆನ್ಸ್ ಆಪಂಡಿ. ಥಿಯೇಟರ್ ರೆಡಿ ಚೇಯಂಡಿ." ಮತ್ತೆ ಲಿಂಗಕ್ಕನ ಕಡೆ ತಿರುಗಿ, "ಗಾಡಿ ಹೊರಗ ನಿಂತಿರಲಿ. ನೀವೂ ಹೊರಗ ಇರ್ರಿ," ಎಂದರು.

ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ವೆಂಕಮ್ಮನ ಪಕ್ಕದಲ್ಲಿ ಲಿಂಗಕ್ಕ ಕೂತಳು. ಇಡೀ ಜನ್ಮದಲ್ಲಿ ಅವಳು ಇಷ್ಟು ಅಂಜಿದ್ದಿಲ್ಲ. ಬೆರಳಿನ ಸ್ಲೈಡು ಸುಳ್ಳಾಗಿದ್ದರೆ? ಹನ್ನೆರಡು ಎಣಿಸಿದ್ದು ಆಸೆಯ ಕಣ್ಣಿನಿಂದ ಎಣಿಸಿದ್ದಾದರೆ? ಆರು ವರ್ಷ ಇದ್ದದ್ದನ್ನು ಇಲ್ಲವೆಂದ ಕಣ್ಣು, ಇವತ್ತು ಇಲ್ಲದ್ದನ್ನು ಇದೆ ಎಂದಿಲ್ಲವೆಂದು ಏನು ಖಾತ್ರಿ? ಬಾಗಿಲು ತೆರೆದಾಗಲೆಲ್ಲ ನರ್ಸಿನ ಕೈಯಲ್ಲಿ ಕೆಂಪಾದ ಬಟ್ಟೆಯಿದೆಯೇ ಎಂದು ಅವಳು ಕತ್ತು ಚಾಚಿ ನೋಡುತ್ತಿದ್ದಳು.

ವೆಂಕಮ್ಮನಿಗೆ ಇದೊಂದೂ ತಿಳಿಯದು. ಈ ಅಕ್ಕ ಓಡಾಡಿ ಮಗಳಿಗೆ ಇಲ್ಲೇ ಆಪರೇಷನ್ ಆಗುವಂತೆ ಮಾಡಿದಳು ಎಂದಷ್ಟೇ ಅವಳು ತಿಳಿದಿದ್ದಳು. ಲಿಂಗಕ್ಕನ ಕೈ ಹಿಡಿದುಕೊಂಡು ಹೇಳತೊಡಗಿದಳು.

"ನಿಮ್ಮ ಹೆಸರು ನಂಗ ಆರು ವರ್ಷದಿಂದ ಗೊತ್ತೈತಕ್ಕಾ. ಓದಾಕ ಬರಲ್ಲ, ಆದ್ರ ಕಾಗದದ ಕೆಳಗಿನ ನಿಮ್ಮ ಸೈನು ಗುರ್ತು ಹಿಡೀತೀನಿ. ಒಂದು ಕಾಗದಾನೂ ಒಗದಿಲ್ಲ, ಎಲ್ಲಾ ದೇವರ ಗೂಡಿನಾಗ ಇಟ್ಟೀನಿ. ಅವನ್ನ ನೋಡೇ ಆಕಿನ ಕಾದೀನಿ. ಕುಡಗೋಲು ಮುಟ್ಟಾಕ ಬಿಟ್ಟಿಲ್ಲ. ಈಳಿಗಿ ಮುಟ್ಟಾಕ ಬಿಟ್ಟಿಲ್ಲ. ಊರಾಗಿನ ಹುಡುಗ್ಯಾರೆಲ್ಲಾ ಹತ್ತಿ ಬಿಡಸಾಕ ಹೋದ್ರ, ಕಾಯಿ ಚೂಪು ಬೆರಳಿಗಿ ಚುಚ್ಚತೈತಂತ ಈಕಿನ ಒಳಗ ಕುಂದರಸೀನಿ. ಎರಡು ಕಡಿಂದ ಸಂಬಂಧ ಬಂದಿದ್ವು. ಮುಚ್ಚಿಟ್ಟು ಮದುವಿ ಮಾಡಬಾರದು ನೋಡ್ರಿ, ಕಾಗದ ತೋರ್ಸಿದೆ. ಎದ್ದು ಹೋದ್ರು."

ಲಿಂಗಕ್ಕನಿಗೆ ಆ ಕೈ ಕೆಂಡದಂತೆ ಸುಟ್ಟಿತು. ಎಲ್ಲ ಒಳ್ಳೆಯದಾದ ಮೇಲೆ ಹೇಳಿದರಾಯಿತು ಎಂದು ಒಳಗಿನ ಒಂದು ದನಿ ಹೇಳಿತು. ಒಳ್ಳೆಯದಾದ ಮೇಲೆ ಹೇಳಿದರೆ ಕ್ಷಮೆ ಅಗ್ಗಕ್ಕೆ ಸಿಗುತ್ತದೆ, ಅದು ಅವಳಿಗೂ ಗೊತ್ತಿತ್ತು. ಅದಕ್ಕೇ ಆಗಲೇ ಹೇಳಿದಳು.

"ವೆಂಕಮ್ಮಾ, ನಿನ್ನ ಮಗಳಿಗಿ ಆ ರೋಗ ಇಲ್ಲ. ಯಾವತ್ತೂ ಇರಲಿಲ್ಲ. ಆಕಿ ರಕ್ತ ನಮ್ಮ ಟ್ಯೂಬಿನೊಳಗ ಬಿದ್ದ ಮ್ಯಾಲ ಅಂಟಿಕೊಂತೈತಿ, ಅಷ್ಟ. ಸ್ಲೈಡಿನಾಗ ಅದು ಕಂಡಿತ್ತು. ನಾನು ನೀರಿನ ಕಸ ಅಂದುಕೊಂಡು ಬಿಟ್ಟೆ. ಮೊದಲನೇ ಸಲನೂ ಬಿಟ್ಟೆ, ಆಮೇಲೂ ಬಿಟ್ಟೆ. ತಪ್ಪು ನಂದು."

ವೆಂಕಮ್ಮ ಕೈ ಬಿಡಿಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. ಎದ್ದು ಬಟ್ಟೆಗಂಟು ತೆಗೆದುಕೊಂಡು ಎದುರಿನ ಗೋಡೆಯ ಬುಡದಲ್ಲಿ ನೆಲದ ಮೇಲೆ ಹೋಗಿ ಕೂತಳು. ಬೈದಿದ್ದರೆ ಲಿಂಗಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮುಕ್ಕಾಲು ತಾಸಿನ ಮೇಲೆ ಡಾಕ್ಟರು ಹೊರಬಂದರು. ಮಾಸ್ಕು ಇಳಿಸಿ ಮೊದಲು ವೆಂಕಮ್ಮನಿಗೆ ಹೇಳಿದರು: "ಇನ್ನೊಂದೆರಡು ತಾಸು ತಡ ಆಗಿದ್ರ ಒಡೀತಿತ್ತಮ್ಮಾ. ಈಗ ಏನೂ ಭಯ ಇಲ್ಲ, ಪರ್ವಾಲೇದು." ಆಮೇಲೆ ಲಿಂಗಕ್ಕನಿಗೆ: "ರಕ್ತ ಎಲ್ಲಾರಿಗೂ ಹರಿಯೋವಷ್ಟ ಹರೀತು. ನಿಂತಿತು." ಲಿಂಗಕ್ಕ ಗೋಡೆಗೆ ಆತುಕೊಂಡಳು.

ಮರುದಿನ ಮಧ್ಯಾಹ್ನ ಮಂಗಳಾ ತಾನೇ ಅವಳನ್ನು ಕರೆಸಿದಳು. ವೆಂಕಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಲಿಂಗಕ್ಕ ಮಂಚದ ಹತ್ತಿರ ನಿಂತು, ಬರುವ ದಾರಿಯಲ್ಲಿ ಹೊಂದಿಸಿಕೊಂಡಿದ್ದ ಮಾತನ್ನೆಲ್ಲ ಮರೆತಳು.

ಮಂಗಳಾ ಬಲಗೈಯ ಬೆರಳುಗಳನ್ನು ಚಾಚಿ ತೋರಿಸಿದಳು. ತುದಿಗಳಲ್ಲಿ ಸಣ್ಣ ಸಣ್ಣ ಹಳೆಯ ಗೀರುಗಳಿದ್ದವು.

"ಮೂರು ವರ್ಷದ ಹಿಂದ ಅವ್ವ ಮಂತ್ರಾಲಯಕ್ಕ ಹೋಗಿದ್ಳು. ನಾನು ಕೂಲಿಯವರ ಜೋಡಿ ಹತ್ತಿ ಬಿಡಸಾಕ ಹೋದೆ. ಒಂದು ಪೂರಾ ದಿನ. ಚುಚ್ಚಿದಾಗೊಮ್ಮೆ ರಕ್ತ ಬಂತು. ನಾನು ಎಣಿಸಿಕೋತ ನಿಂದರತಿದ್ದೆ. ನೂರು ಎಣಸೋದ್ರಾಗ ನಿಂತ ಬಿಡತಿತ್ತು. ಅವತ್ತ ನಂಗ ಗೊತ್ತಾತು."

"ಯಾರಿಗೂ ಹೇಳಲಿಲ್ಲೇನು ತಂಗಿ?"

"ಹೇಳಿದೆ. ಅವ್ವ ಕಾಗದ ತಂದು ಮುಂದ ಇಟ್ಳು. ನನ್ನ ಬೆರಳು ದೊಡ್ಡದೋ ನಿಮ್ಮ ಸೈನು ದೊಡ್ಡದೋ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ಲಿಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ವೆಂಕಮ್ಮ ಕಿಟಕಿಯಿಂದ ಮುಖ ತಿರುಗಿಸದೆಯೇ ಮಾತಾಡಿದಳು.

"ಆ ಕಾಗದ ನಮ್ಮ ಊರಿಗೆಲ್ಲಾ ಗೊತ್ತೈತಿ. ನಾ ಹೋಗಿ ರೋಗ ಇಲ್ಲಂದ್ರ, ಮಗಳ ಮದುವಿಗಾಗಿ ಸುಳ್ಳು ಹೇಳ್ತಾಳ ಅಂತಾರ. ಹೇಳಿದೋರ ಬಂದು ಹೇಳಬೇಕು. ಊರಿಗಿ ಬರ್ರಿ."

"ಬರತೀನಿ," ಎಂದಳು ಲಿಂಗಕ್ಕ.

ಮೂರು ವಾರದ ಮೇಲೆ ಒಂದು ಭಾನುವಾರ ಅವಳು ಗೋನೆಗಂಡ್ಲದ ಬಸ್ಸು ಹತ್ತಿದಳು. ಭೀಮಲಿಂಗಪ್ಪ ಬೇಡವೆಂದಿದ್ದ, ಹೋಗುವುದಾದರೆ ಸೋಮವಾರ ಕೆಲಸಕ್ಕೆ ಬರುವ ಮುಂಚೆ ಫೋನು ಮಾಡಿ ಕೇಳಿರಿ ಎಂದೂ ಹೇಳಿದ್ದ. ಅದರ ಅರ್ಥ ತಿಳಿಯದಷ್ಟು ದಡ್ಡಿ ಅವಳಲ್ಲ. ಕಂಡಕ್ಟರ್ ಟಿಕೆಟ್ ಹರಿಯುತ್ತ ನಕ್ಕ. "ಏನಕ್ಕಾ, ಇವತ್ತು ರಿಪೋರ್ಟ್ ನೀವೇ ತಗೊಂಡು ಹೊಂಟೀರಿ?"

"ಹೌದಪ. ಇದನ್ನ ನಿನ್ನ ಕೈಲಿ ಕಳಸಾಕ ಬರಂಗಿಲ್ಲ."

ವೆಂಕಮ್ಮನ ಮನೆಯ ಮುಂದೆ ಹೆಂಗಸರು ಗಂಡಸರು ಇಪ್ಪತ್ತು ಮೂವತ್ತು ಜನ ಸೇರಿದ್ದರು. ಲಿಂಗಕ್ಕ ಕಟ್ಟೆಯ ಅಂಚಿಗೆ ನಿಂತಳು. ದಾರಿಯುದ್ದಕ್ಕೂ ಉರು ಹೊಡೆದಿದ್ದ ಮಾತು ಅದೃಷ್ಟಕ್ಕೆ ಈ ಸಲ ಬಾಯಿಗೆ ಬಂತು. ಮಂಗಳಾಳ ರಕ್ತದಲ್ಲಿ ಏನೂ ತಪ್ಪಿಲ್ಲ, ತಪ್ಪು ನನ್ನ ಕಣ್ಣಿನಲ್ಲಿತ್ತು ಎಂದಳು. ಹೇಗೆ ತಪ್ಪಿತೆಂದೂ ಹೇಳಿದಳು, ನೀರಿನ ಕಥೆಯನ್ನೂ ಮುಚ್ಚಿಡಲಿಲ್ಲ. ಹೊಟ್ಟೆ ಕೊಯ್ದರೂ ರಕ್ತ ನಿಂತದ್ದನ್ನು 'ಡಾಕ್ಟರಮ್ಮ ಬರೆದು ಕೊಟ್ಟಾರ' ಎಂದು ಹೊಸ ಕಾಗದ ಎತ್ತಿ ತೋರಿಸಿದಳು.

ಗುಂಪಿನಲ್ಲಿದ್ದ ಮುದುಕಿ ಉಚ್ಚಮ್ಮ ಬಾಯಿಯ ಎಲೆಯಡಿಕೆ ಒಂದು ಕಡೆ ಸರಿಸಿ ಕೇಳಿದಳು: "ಹಂಗಾದ್ರ ಆ ಎರಡು ಸಂಬಂಧ?"

ಲಿಂಗಕ್ಕನ ಹತ್ತಿರ ಅದಕ್ಕೆ ಕಾಗದವಿರಲಿಲ್ಲ.

"ಬಿಡಬೇ ಅಮ್ಮಾ," ಎಂದಳು ಮಂಗಳಾ. ಒಳಗೆ ಹೋಗಿ ಈಳಿಗೆ ಮಣೆಯನ್ನೂ ನಾಲ್ಕು ಉಳ್ಳಾಗಡ್ಡಿಯನ್ನೂ ತಂದಳು. ಎಲ್ಲರೆದುರಿಗೆ ಕಟ್ಟೆಯ ಮೇಲೆ ನಿಧಾನವಾಗಿ ಕೂತು, ಒಂದು ಕಾಲಿನಿಂದ ಮಣೆಯನ್ನು ಒತ್ತಿ ಹಿಡಿದಳು. "ಅಕ್ಕ ದೂರದಿಂದ ಬಂದಾಳ. ಉಪ್ಪಿಟ್ಟರ ಮಾಡಬೇಕಲ್ಲ."

ರೂಢಿಯಿಲ್ಲದ ಕೈ. ಉಳ್ಳಾಗಡ್ಡಿ ಅಲಗಿನ ಮೇಲೆ ಅಲುಗಾಡಿತು, ಬೆರಳು ತೀರಾ ಹತ್ತಿರ ಹೋಯಿತು. ವೆಂಕಮ್ಮನ ಕೈ ತಾನಾಗಿಯೇ ಮುಂದೆ ಬಂದು ಅರ್ಧದಲ್ಲಿ ನಿಂತಿತು. ಲಿಂಗಕ್ಕ ನೋಡಿದಳು. ತನ್ನ ಕೈಯೂ ಮುಂದೆ ಬಂದಿತ್ತು. ಒಂದು ಲಕ್ಷ ತೊಂಬತ್ತು ಸಾವಿರ ಎಂದು ತಾನೇ ಎಣಿಸಿ ಸಹಿ ಹಾಕಿದವಳು, ಇಪ್ಪತ್ತೊಂದು ಸಾವಿರದ ಭಯಕ್ಕೆ ಉಸಿರು ಹಿಡಿದು ನಿಂತಿದ್ದಳು.

ಮಂಗಳಾ ಇಬ್ಬರ ಕೈಯನ್ನೂ ಒಮ್ಮೆ ನೋಡಿದಳು.

"ಕೊಯ್ಕೊಂಡ್ರ ರಕ್ತ ಬರತೈತಿ," ಎಂದಳು. "ಆಮ್ಯಾಲ ನಿಲ್ಲತೈತಿ. ಎಲ್ಲಾರಿಗೂ ಹೆಂಗೋ ಹಂಗ."